ಎಂಟು ಜೋಳದ ಕಾಳು

“ಅಜ್ಜಾರೇ, ಮನೆಯ ಎಲ್ಲ ಭಾಗಗಳನ್ನೂ ಮೊದಲೇ ಮಾಡಿ ಮುಗಿಸಿದವನ ಮನೆ ಏಕೆ ನಿಲ್ಲುವುದಿಲ್ಲ?”

ಕೇಳಿದವನು ಚನ್ನವೀರ. ಗುರುಗಳು ಮಠದ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ದಾಸೋಹಕ್ಕೆ ಬಂದ ಕಾಳನ್ನು ತಾವೇ ಆರಿಸುವುದು ಅವರ ವಾಡಿಕೆ. ಮೊರದಿಂದ ಕಣ್ಣು ತೆಗೆಯದೆ ಅವರು ಹೇಳಿದರು:

“ಕುಳಿತು ಕೇಳು, ತಮ್ಮಾ. ನಿಂತು ಕೇಳಿದ್ದು ಕಾಲಿಗೆ ಇಳಿದುಹೋಗುತ್ತದೆ.”

ಚನ್ನವೀರ ಕಂಬಕ್ಕೆ ಒರಗಿ ಕುಳಿತ.

ಅವನು ಹೆದ್ದಾರಿಯ ಪಕ್ಕದ ಒಂದು ಅಂಗಳದಲ್ಲಿ ಮನೆಗಳನ್ನು ಮಾಡುವವನು. ಗೋಡೆ, ಚಾವಣಿ, ಮೆಟ್ಟಿಲು ಎಲ್ಲವನ್ನೂ ಅಲ್ಲಿಯೇ ಅಚ್ಚಿನಲ್ಲಿ ಎರಕ ಹೊಯ್ದು, ಲಾರಿಯಲ್ಲಿ ಸಾಗಿಸಿ, ಬೇಕಾದ ಊರಿನಲ್ಲಿ ಜೋಡಿಸುತ್ತಿದ್ದ. ಹೊಳೆ ಬಂದು ಮನೆ ಕಳೆದುಕೊಂಡ ನಲವತ್ತು ಕುಟುಂಬಗಳು ಎರಡು ವರ್ಷದಿಂದ ತಗಡಿನ ಶೆಡ್ಡುಗಳಲ್ಲಿ ಇದ್ದವು. ಮಳೆಗಾಲಕ್ಕೆ ಮೊದಲು ನಿಮಗೆ ಮನೆ ಕೊಡುತ್ತೇನೆ ಎಂದು ಅವನು ಅವರಿಗೆ ಮಾತು ಕೊಟ್ಟಿದ್ದ.

“ಗೋಡೆ ತಯಾರಿದೆ, ಅಜ್ಜಾರೇ. ಚಾವಣಿ ತಯಾರಿದೆ. ಎರಡಕ್ಕೂ ನಡುವೆ ಕೂರುವ ಒಂದು ಉಕ್ಕಿನ ಕೀಲು ಮಾತ್ರ ಬರಬೇಕು. ಅದನ್ನು ಮಾಡುವ ಕಾರ್ಖಾನೆ ಒಂದೇ, ದೂರದ ಊರಿನಲ್ಲಿದೆ. ಅಲ್ಲಿ ಬೆಂಕಿ ಬಿದ್ದು ಕೆಲಸ ನಿಂತಿದೆ. ನಲವತ್ತು ಮನೆಗಳು ನನ್ನ ಅಂಗಳದಲ್ಲಿ ಮಲಗಿವೆ. ಶೆಡ್ಡಿನಲ್ಲಿ ಒಬ್ಬಳು ಮುದುಕಿ ಹೊಸ ಮನೆಗೆಂದು ಪಾತ್ರೆಗಳನ್ನು ಗಂಟು ಕಟ್ಟಿ ಇಟ್ಟಿದ್ದಾಳೆ. ನಾನು ಹೋದಾಗಲೆಲ್ಲ ‘ಬಿಚ್ಚಲೋ, ಹಾಗೇ ಇರಲೋ’ ಎಂದು ಕೇಳುತ್ತಾಳೆ. ಈಗ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.”

“ಆ ಕೀಲು ಬೇರೆ ಎಲ್ಲಿಯೂ ಸಿಗುವುದಿಲ್ಲವೋ?”

“ಸಿಗುವುದಿಲ್ಲ. ಅದರ ಆಕಾರ ನನ್ನದೇ. ಬೇರೆಯವರ ಕೈಗೆ ಸಿಗಬಾರದೆಂದೇ ಹಾಗೆ ಮಾಡಿಸಿದ್ದು.” ಅಷ್ಟು ಕಷ್ಟದಲ್ಲೂ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. “ಇನ್ನು ಮುಂದೆ ದೊಡ್ಡ ಗೋದಾಮು ಕಟ್ಟಿಸಿ ಎರಡು ವರ್ಷಕ್ಕೆ ಆಗುವಷ್ಟು ಕೀಲು ತುಂಬಿಡುತ್ತೇನೆ. ಅಷ್ಟು ಸಾಕೋ, ಇನ್ನೂ ಬೇಕೋ? ಅದನ್ನೇ ಕೇಳಲು ಬಂದೆ.”

“ಗೋದಾಮಿನ ವಿಷಯ ನನಗೆ ತಿಳಿಯದು. ಒಬ್ಬ ಬಡಗಿಯ ಕತೆ ಗೊತ್ತಿದೆ” ಎಂದು ಗುರುಗಳು ಮೊರವನ್ನು ಕೆಳಗಿಟ್ಟು ಹೇಳತೊಡಗಿದರು.

ನಮ್ಮ ಬಯಲಿನಲ್ಲಿ ಮನೆಗೆ ಆಗುವಂಥ ಮರ ಇರಲಿಲ್ಲ. ಈಗಲೂ ಇಲ್ಲ. ಮನೆ ಕಟ್ಟುವವರು ಹೊಳೆಯ ದಂಡೆಯ ಒಂದು ಊರಿಗೆ ಹೋಗುತ್ತಿದ್ದರು. ಅಲ್ಲಿ ಒಬ್ಬ ಬಡಗಿ ಇದ್ದ. ಮೇಲಿನ ಕಾಡಿನ ಮರ ಹೊಳೆಯಲ್ಲಿ ತೇಲಿ ಅವನ ಅಂಗಳಕ್ಕೆ ಬರುತ್ತಿತ್ತು. ಅವನು ಅಲ್ಲಿಯೇ ಕಂಬ ಕೆತ್ತಿ, ತೊಲೆ ಕೆತ್ತಿ, ಜಂತೆ ಸೀಳಿ, ಇಡೀ ಮನೆಯನ್ನು ಒಂದು ಸಲ ಅಂಗಳದಲ್ಲಿ ನಿಲ್ಲಿಸಿ ನೋಡುತ್ತಿದ್ದ. ಸರಿ ಕಂಡರೆ ಬಿಚ್ಚಿ ಗಾಡಿಗೆ ಹೇರುತ್ತಿದ್ದ. ಆಗ ನಮ್ಮ ಕಡೆ ಮನೆಗಳು ಎತ್ತಿನ ಗಾಡಿಯಲ್ಲಿ ಬರುತ್ತಿದ್ದವು. ಮನೆ ಬಂತು ಎಂದರೆ ಊರಿನ ಹೆಂಗಸರು ಕೊಡ ತುಂಬಿ ತಂದು ಎತ್ತುಗಳ ಕಾಲಿಗೆ ನೀರು ಹಾಕುತ್ತಿದ್ದರು. ನನ್ನ ತಾಯಿಯೂ ಹಾಕಿದ್ದಾಳೆ. ಆ ಗಾಡಿಗಳ ಸದ್ದು ಕೇಳಿ ಬಹಳ ವರ್ಷಗಳಾದವು.

ಗಾಡಿ ಹೇರುವಾಗ ಬಡಗಿಯದೊಂದು ಪದ್ಧತಿ ಇತ್ತು. ಕಂಬಗಳನ್ನೆಲ್ಲ ಒಂದು ಗಾಡಿಗೆ, ತೊಲೆಗಳನ್ನೆಲ್ಲ ಇನ್ನೊಂದಕ್ಕೆ ಅವನು ಹೇರುತ್ತಿರಲಿಲ್ಲ. ನಾಲ್ಕು ಕಂಬಗಳ ನಡುವಿನ ಜಾಗವನ್ನು ಅಂಕಣ ಎನ್ನುತ್ತೇವಲ್ಲ, ಒಂದೊಂದು ಗಾಡಿಗೆ ಒಂದೊಂದು ಅಂಕಣ. ಅದರ ಕಂಬ, ಅದರ ತೊಲೆ, ಅದರ ಜಂತೆ, ಅದರ ಬೆಣೆ. ಉದ್ದದ್ದೂ ಗಿಡ್ಡದ್ದೂ ಒಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಗಾಡಿಯವರು ಬೈಯುತ್ತಿದ್ದರು.

“ಬೈದುಕೊಳ್ಳಿ. ಒಂದು ಗಾಡಿ ಕೆಸರಿನಲ್ಲಿ ಹೂತರೆ ಇನ್ನೊಂದು ಗಾಡಿಯ ಅಂಕಣದ ಕೆಳಗೆ ಮನೆಯವರು ಮಲಗುತ್ತಾರೆ. ಬರೀ ಕಂಬದ ಕೆಳಗೆ ಯಾರು ಮಲಗುತ್ತಾರೆ?” ಎನ್ನುತ್ತಿದ್ದ ಬಡಗಿ.

ಕಂಬವನ್ನೂ ತೊಲೆಯನ್ನೂ ಬಿಗಿ ಹಿಡಿಯುವುದು ಬೆಣೆ. ಅವನು ತೋಡುವ ತೂತು ದಪ್ಪ. ಅದಕ್ಕೆ ಜಾಲಿಯ ಬೆಣೆ. ಜಾಲಿ ನಮ್ಮ ಎಲ್ಲ ಹೊಲಗಳ ಬದುವಿನಲ್ಲೂ ಬೆಳೆಯುತ್ತದೆ. ಬೆಣೆಯ ಅಗಲಕ್ಕೆ ಅವನು ಅಳತೆಕೋಲು ಹಿಡಿಯುತ್ತಿರಲಿಲ್ಲ. ಎಂಟು ಜೋಳದ ಕಾಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಡುತ್ತಿದ್ದ. ಅಷ್ಟೇ ಅಗಲ. ಮನೆ ನಿಂತ ಮೇಲೆ ಮನೆಯೊಡತಿಯನ್ನು ಹೊಸ್ತಿಲ ಬಳಿ ಕೂರಿಸಿ, ಅವಳ ಮನೆಯದೇ ಎಂಟು ಕಾಳು ತರಿಸಿ, ಇಟ್ಟು ತೋರಿಸುತ್ತಿದ್ದ. “ನಾನು ಇರಲಿ, ಇಲ್ಲದಿರಲಿ, ನಿಮ್ಮ ಮನೆಯ ಅಳತೆ ಇದು, ತಾಯಿ” ಎಂದು ಹೇಳಿದ ಮೇಲೆಯೇ ಊಟಕ್ಕೆ ಕೂರುತ್ತಿದ್ದ.

ನೀನು ಒರಗಿರುವ ಕಂಬ ಅವನದೇ. ಮೇಲೆ ನೋಡು. ಎರಡು ಬೆಣೆ ಕಪ್ಪಾಗಿವೆ, ಒಂದು ಇನ್ನೂ ಕೆಂಪಗಿದೆ. ಆ ಒಂದನ್ನು ಹೊಡೆದವನು ನಾನು. ಹಳೆಯದಕ್ಕೆ ಹುಳು ಬಿದ್ದಿತ್ತು. ಆ ಹೊತ್ತಿಗೆ ಬಡಗಿ ಸತ್ತು ಎಷ್ಟೋ ಕಾಲವಾಗಿತ್ತು. ಎಂಟು ಕಾಳು ಇಟ್ಟೆ, ಜಾಲಿ ಕಡಿದೆ, ಹೊಡೆದೆ. ನನಗೆ ಉಳಿ ಹಿಡಿಯಲೂ ಬಾರದು. ಆದರೂ ಮೂವತ್ತು ವರ್ಷದಿಂದ ನಿಂತಿದೆ.

ಬಡಗಿ ತೀರಿಕೊಂಡ ಮೇಲೆ ಮಗ ಅಂಗಳಕ್ಕೆ ಇಳಿದ. ಅವನ ಕೈ ತಂದೆಯ ಕೈಗಿಂತ ಚುರುಕು. ಕೆಟ್ಟವನಲ್ಲ. ಆಡಿದ ಮಾತಿಗೆ ತಪ್ಪುವವನೂ ಅಲ್ಲ. ಆದರೆ ಒಂದು ದಿನ ಒಂದು ಊರಿನ ಹಾದಿಯಲ್ಲಿ ಹೋಗುವಾಗ ತಂದೆ ಕಟ್ಟಿದ ಮನೆಯೊಂದಕ್ಕೆ ಹೊಸದಾಗಿ ಒಂದು ಅಂಕಣ ಸೇರಿದ್ದನ್ನು ಕಂಡ. ಒಳಗೆ ಹೋಗಿ ಕೇಳಿದ:

“ಇದನ್ನು ಮಾಡಿದವರು ಯಾರು?”

“ನಾವೇ ಮಾಡಿಕೊಂಡೆವು, ತಮ್ಮಾ. ಕಾಳು ಇಟ್ಟುಕೊಂಡು ಕಡಿದೆವು. ನಿಮ್ಮಪ್ಪನೇ ಬಂದು ಮಾಡಿದ ಹಾಗಿದೆ, ಅಲ್ಲವೇ?” ಮನೆಯ ರೈತ ಸಂತೋಷದಿಂದಲೇ ಹೇಳಿದ. ಮಜ್ಜಿಗೆ ಕೊಟ್ಟ.

ಮಗ ಮಜ್ಜಿಗೆ ಕುಡಿದ. ಆದರೆ ಅವನಿಗೆ ಅದು ಚುಚ್ಚಿತು. ನಮ್ಮನ್ನು ಬಿಟ್ಟು ಇವರು ಮನೆ ಕಟ್ಟಿಕೊಳ್ಳುವುದಾದರೆ ನಾವು ಏತಕ್ಕೆ ಎಂದುಕೊಂಡ.

ಅಂದಿನಿಂದ ಅವನು ದಪ್ಪ ತೂತು ತೋಡುವುದನ್ನು ಬಿಟ್ಟ. ಎಲೆಯಷ್ಟು ತೆಳುವಾದ ಒಂದು ಸೀಳು ಮಾಡಿದ. ಅದರೊಳಗೆ ಹೋಗಿ ತಿರುಗಿ ಬಿಗಿಯುವ ಒಂದು ಕಬ್ಬಿಣದ ಕೀಲು ಮಾಡಿಸಿದ. ಮರದ ಬೆಣೆ ಆ ಸೀಳಿಗೆ ಹೋಗದು. ಹೋದರೂ ಮುರಿಯುತ್ತದೆ. ಕೀಲು ಮಾಡಿಕೊಡುವ ಕಮ್ಮಾರ ಒಬ್ಬನೇ, ಹಳ್ಳದ ಆಚೆಯ ಊರಿನವನು. ಆ ಕೀಲನ್ನು ಇನ್ನೊಬ್ಬರಿಗೆ ಮಾಡಿಕೊಡುವುದಿಲ್ಲ ಎಂದು ಅವನಿಂದ ಕುಲುಮೆಯ ಮುಂದೆ ಆಣೆ ಮಾಡಿಸಿಕೊಂಡ. ಹೊಸ್ತಿಲ ಬಳಿ ಕೂತು ಅಳತೆ ಹೇಳುವ ಪದ್ಧತಿ ಅಲ್ಲಿಗೆ ನಿಂತಿತು. ಒಂದೊಂದು ಗಾಡಿಗೂ ಒಂದೊಂದೇ ಬಗೆಯ ಮರ ಹೇರಿಸಿದ. ಕಂಬ ಒಂದರಲ್ಲಿ, ತೊಲೆ ಒಂದರಲ್ಲಿ, ಜಂತೆ ಒಂದರಲ್ಲಿ. ಗಾಡಿಯವರು ಈಗ ಬೈಯುತ್ತಿರಲಿಲ್ಲ.

ಕೆಲಸ ಚೆಂದವಾಗಿತ್ತು, ಸುಳ್ಳು ಹೇಳಬಾರದು. ಹೊರಗೆ ಒಂದು ಬೆಣೆಯ ತಲೆಯೂ ಕಾಣುತ್ತಿರಲಿಲ್ಲ. ತಂದೆ ಎಂಟು ದಿನದಲ್ಲಿ ನಿಲ್ಲಿಸುತ್ತಿದ್ದ ಮನೆಯನ್ನು ಮಗ ಮೂರು ದಿನದಲ್ಲಿ ನಿಲ್ಲಿಸಿದ. ಸುತ್ತಲಿನ ಊರುಗಳಲ್ಲಿ ಅವನಿಗೆ ಮೂರು ದಿನದ ಬಡಗಿ ಎಂದೇ ಹೆಸರಾಯಿತು.

ಒಂದು ಬೇಸಿಗೆಯ ಕೊನೆಯಲ್ಲಿ ಒಬ್ಬ ಕುಂಬಾರ ಅವನಲ್ಲಿಗೆ ಬಂದ. ಅವನ ಹಳೆಯ ಮನೆಯ ಗೋಡೆ ಬಾಗಿತ್ತು. ಈ ಮಳೆಯನ್ನು ಅದು ತಡೆಯುವಂತಿರಲಿಲ್ಲ.

“ಒಳಗೆ ಹಸಿ ಗಡಿಗೆಗಳಿವೆ, ಅಣ್ಣಾ. ಇಡೀ ಬೇಸಿಗೆಯ ದುಡಿಮೆ. ಇನ್ನೂ ಎಂಟು ದಿನ ನೆರಳಿನಲ್ಲಿ ಆರಬೇಕು, ಆಮೇಲೆ ಸುಡಬೇಕು. ಮನೆ ಕೆಡವಿದರೆ ಅವನ್ನು ಹೊರಗೆ ಇಡಬೇಕಾಗುತ್ತದೆ.”

“ಮೂರು ದಿನ ಬೇವಿನ ಮರದ ಕೆಳಗೆ ಇಡು. ನಾಲ್ಕನೆಯ ದಿನ ಹೊಸ ಮನೆಯೊಳಗೆ ಇಡುವೆಯಂತೆ. ಮಳೆಗೆ ಇನ್ನೂ ಹದಿನೈದು ದಿನ ಇದೆ” ಎಂದ ಬಡಗಿ.

ಕುಂಬಾರ ನಂಬಿದ. ಮನೆ ಕೆಡವಿದ. ಗಡಿಗೆಗಳನ್ನು ಬೇವಿನ ಕೆಳಗೆ ಸಾಲಾಗಿ ಇಟ್ಟ. ಹಳೆಯ ಮನೆಯದೆಂದು ಉಳಿದದ್ದು ಹೊಸ್ತಿಲ ಕಲ್ಲು ಒಂದೇ. ಅದನ್ನು ಅವನ ತಾಯಿ ಕೀಳಲು ಬಿಡಲಿಲ್ಲ.

ಹೇಳಿದ ದಿನಕ್ಕೆ ಕಂಬದ ಗಾಡಿ ಬಂತು. ತೊಲೆಯ ಗಾಡಿ ಬಂತು. ಜಂತೆಯ ಗಾಡಿ ಬಂತು. ಕೀಲು ಮಾತ್ರ ಹಳ್ಳದ ಆಚೆಯಿಂದ ಬರಬೇಕಿತ್ತು. ಆ ದಿನವೇ ಮೇಲಿನ ಗುಡ್ಡದಲ್ಲಿ ಮಳೆಯಾಗಿ ಹಳ್ಳ ತುಂಬಿತು. ಊರಿನಲ್ಲಿ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಬಡಗಿ ಕಂಬಗಳನ್ನು ಎತ್ತಿ ನಿಲ್ಲಿಸಿ, ಹಗ್ಗ ಬಿಗಿದು, ಕಾದ. ಬೆಳಗ್ಗೆ ಹಳ್ಳದ ದಂಡೆಗೆ ಹೋಗುವುದು, ನೀರು ನೋಡುವುದು, ಮರಳುವುದು. ಮಧ್ಯಾಹ್ನ ಮತ್ತೆ ಹೋಗುವುದು.

ಕುಂಬಾರನ ತಾಯಿ ಹೊಸ್ತಿಲ ಕಲ್ಲಿನ ಮೇಲೆ ಕುಳಿತು ಇದನ್ನು ನೋಡುತ್ತಿದ್ದಳು. ಸುತ್ತ ಗೋಡೆ ಇಲ್ಲ, ಮೇಲೆ ಮಾಳಿಗೆ ಇಲ್ಲ. ಆದರೂ ಅವಳು ಅಲ್ಲಿಯೇ ಕುಳಿತುಕೊಳ್ಳುತ್ತಿದ್ದಳು.

“ಏನಪ್ಪಾ, ಹಳ್ಳಕ್ಕೆ ಕೀಲು ಹಾಕಿ ಬಂದೆಯಾ?” ಎಂದು ಕೇಳಿದಳು.

“ನಾಳೆ ಇಳಿಯುತ್ತದೆ, ಅವ್ವಾ.”

“ಹಳ್ಳ ನಿನಗೆ ಮಾತು ಕೊಟ್ಟಿದೆಯೋ?”

ಬಡಗಿ ಮತ್ತೆ ಹಳ್ಳದ ಕಡೆ ನಡೆದ. ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಮೋಡ ಊರಿನ ಮೇಲೆಯೇ ಬಂತು. ಒಂದು ಹದ ಮಳೆ ಸುರಿದು ನಿಂತಿತು. ಬೇವಿನ ಅಂಚಿಗೆ ಇದ್ದ ಗಡಿಗೆಗಳ ಒಂದು ಸಾಲು ಕುಸಿದು ಮಣ್ಣಾಯಿತು. ಕುಂಬಾರ ಉಳಿದವುಗಳ ಮೇಲೆ ಕಂಬಳಿ ಹೊದಿಸಿದ. ಆಮೇಲೆ ಬಡಗಿಯ ಬಳಿಗೆ ಬಂದ. ಬೈಯಲಿಲ್ಲ.

“ನನ್ನ ಗಡಿಗೆ ಕರಗಿದರೆ ಅದೇ ಮಣ್ಣು ತುಳಿದು ಮತ್ತೆ ಮಾಡುತ್ತೇನೆ, ಅಣ್ಣಾ. ಬೇಸಿಗೆ ಹೋಯಿತು ಅಷ್ಟೇ. ನಿನ್ನ ಕೀಲು ಬಾರದಿದ್ದರೆ ನೀನು ಏನು ಮಾಡುತ್ತೀಯೆ?” ಎಂದ.

ಬಡಗಿ ಸುತ್ತಲೂ ನೋಡಿದ. ಊರಿನಲ್ಲಿ ಜನ ಇದ್ದರು. ಅವರ ಕೈಯಲ್ಲಿ ಕೊಡಲಿ ಇತ್ತು. ಬದುವಿನಲ್ಲಿ ಜಾಲಿ ಇತ್ತು. ಯಾವುದೂ ಅವನ ಸೀಳಿಗೆ ಒದಗುವಂತಿರಲಿಲ್ಲ.

ಆಗ ಮುದುಕಿ ಎದ್ದು ನೆರೆಮನೆಗೆ ಹೋದಳು. ಒಂದು ಹಿಡಿ ಜೋಳ ತಂದಳು. ಹೊಸ್ತಿಲ ಕಲ್ಲಿನ ಮೇಲೆ ಎಂಟು ಕಾಳು ಸಾಲಾಗಿ ಇಟ್ಟಳು.

“ನನ್ನ ತವರಿನ ಮನೆ ನಿಮ್ಮಪ್ಪ ಕಟ್ಟಿದ್ದು” ಎಂದಳು. “ನಾನಾಗ ಇನ್ನೂ ಸಣ್ಣವಳು. ನಮ್ಮವ್ವನನ್ನು ಹೊಸ್ತಿಲ ಬಳಿ ಕೂರಿಸಿ ಹೀಗೆ ಇಟ್ಟು ತೋರಿಸಿದ. ಅಷ್ಟರಲ್ಲಿ ಕೋಳಿ ಬಂದು ಒಂದು ಕಾಳು ತಿಂದುಬಿಟ್ಟಿತು. ನಾವು ಅಟ್ಟಲು ಹೋದರೆ ಬೇಡ ಎಂದ. ಅದಕ್ಕೂ ಅಳತೆ ತಿಳಿದಿರಲಿ ಎಂದ. ನಮ್ಮವ್ವ ಸಾಯುವ ತನಕ ಅದನ್ನು ಹೇಳಿ ನಗುತ್ತಿದ್ದಳು.”

ಬಡಗಿ ಕಾಳುಗಳನ್ನು ನೋಡುತ್ತ ನಿಂತ. ಅವನು ಅಳತೆಯನ್ನು ಮರೆತಿರಲಿಲ್ಲ. ಎಷ್ಟೋ ವರ್ಷದಿಂದ ಇಟ್ಟು ನೋಡಿರಲಿಲ್ಲ, ಅಷ್ಟೇ.

“ಇದಕ್ಕೆ ಸೀಳನ್ನೆಲ್ಲ ದಪ್ಪ ತೋಡಬೇಕು, ಅವ್ವಾ. ತೊಲೆಯ ಅಂದ ಕೆಡುತ್ತದೆ.”

“ಅಂದ ನೋಡುತ್ತ ನೆನೆಯೋಣವೋ?”

ಬಡಗಿ ಉಳಿ ತೆಗೆದುಕೊಂಡ.

ತೋಡುವವನು ಅವನೊಬ್ಬನೇ. ಬೆಣೆ ಕಡಿಯುವವರು ಊರಿನವರೆಲ್ಲ. ಯಾರಿಗೂ ಅಳತೆಕೋಲು ಬೇಕಾಗಲಿಲ್ಲ. ಅವರವರ ಮನೆಯ ಕಾಳನ್ನು ಅವರವರ ಕಟ್ಟೆಯ ಮೇಲೆ ಇಟ್ಟುಕೊಂಡು ಕಡಿದರು. ಒಬ್ಬ ರೈತ ಗಾಡಿಯ ಅಚ್ಚಿಗೆಂದು ಎರಡು ವರ್ಷ ಒಣಗಿಸಿಟ್ಟಿದ್ದ ಜಾಲಿಯ ದಿಮ್ಮಿಯನ್ನೇ ತಂದುಕೊಟ್ಟ. “ಗಾಡಿ ಮುಂದಿನ ವರ್ಷ ಓಡುತ್ತದೆ ಬಿಡಿ” ಎಂದ. ಒಬ್ಬಾಕೆ ತಂದ ಬೆಣೆ ತುಸು ದಪ್ಪವಾಗಿತ್ತು. “ನಿಮ್ಮ ಮನೆಯ ಜೋಳ ಚೆನ್ನಾಗಿ ಬೆಳೆದಿದೆ” ಎಂದು ನಗೆಯಾಡಿ ಬಡಗಿ ಅದನ್ನು ಎರಡು ಸಲ ಹೆರೆದು ಹೊಡೆದ. ಆ ಮೂರು ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಒಂದು ಅಂಕಣ ನಿಂತಿತು. ಜಂತೆಯ ಮೇಲೆ ಜೋಳದ ದಂಟು ಹಾಸಿ ಕಂಬಳಿ ಎಳೆದರು. ಬೇವಿನಿಂದ ಅಲ್ಲಿಯ ತನಕ ಜನ ಸಾಲಾಗಿ ನಿಂತು ಗಡಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಸಂಜೆ ಮಳೆ ಹಿಡಿಯಿತು. ಎಲ್ಲ ಗಡಿಗೆ ಉಳಿಯಿತು ಎಂದು ನಾನು ಹೇಳುವುದಿಲ್ಲ. ಅರ್ಧದಷ್ಟು ಅಷ್ಟರಲ್ಲೇ ಬಿರುಕು ಬಿಟ್ಟು, ನೆನೆದು, ಮಣ್ಣಾಗಿದ್ದವು. ಉಳಿದ ಅರ್ಧ ಆ ಅಂಕಣದ ಕೆಳಗೆ ಆರಿದವು. ಕುಂಬಾರನ ಮನೆಯವರು ಗಡಿಗೆಗಳ ನಡುವೆ ಕಾಲು ಮಡಚಿಕೊಂಡು ಮಲಗಿದರು.

ಮಳೆ ಬಿಟ್ಟಾಗ ಉಳಿದ ಮೂರು ಅಂಕಣಗಳು ನಿಂತವು. ಹಳ್ಳ ಇಳಿದ ಮೇಲೆ ಕಮ್ಮಾರ ಕೀಲಿನ ಗಂಟು ಹೊತ್ತು ಬಂದ. ನಿಂತಿದ್ದ ಮನೆಯನ್ನು ನೋಡಿ, “ನನಗಾಗಿ ಕಾಯಲಿಲ್ಲವೇ?” ಎಂದ. ಅವನದೇನೂ ತಪ್ಪಿರಲಿಲ್ಲ. ಹಳ್ಳದ ಆಚೆಯ ದಂಡೆಯಲ್ಲಿ ಅವನೂ ದಿನಾ ಬಂದು ನಿಂತಿದ್ದ. ಮುದುಕಿ ಅವನ ಗಂಟಿನಿಂದ ಒಂದು ಕೀಲು ತೆಗೆದು ಜಂತೆಗೆ ಸಿಕ್ಕಿಸಿ, ಬೆಣ್ಣೆಯ ಗಡಿಗೆ ತೂಗುಹಾಕಿದಳು.

“ಕೆಲಸ ಚೊಕ್ಕಟವಾಗಿದೆ, ಬೆಕ್ಕಿಗೆ ಎಟುಕುವುದಿಲ್ಲ” ಎಂದಳು.

ಅಡುಗೆ ಆಗಿತ್ತು. ಎಲೆ ಹಾಕಿದ್ದರು. ಬಡಗಿ ಕೈ ತೊಳೆದುಕೊಂಡು ಬಂದವನು ಎಲೆಯ ಮುಂದೆ ಕೂರಲಿಲ್ಲ. ಹೊಸ್ತಿಲ ಬಳಿ ಕುಳಿತ. ಕುಂಬಾರನ ಹೆಂಡತಿಯನ್ನು ಕರೆದು, “ಎಂಟು ಕಾಳು ತನ್ನಿ, ತಾಯಿ” ಎಂದ.

ಗುರುಗಳು ಇಷ್ಟು ಹೇಳಿ ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡರು. ಚನ್ನವೀರ ತಲೆಯ ಮೇಲಿನ ಬೆಣೆಗಳನ್ನು ನೋಡುತ್ತಿದ್ದ. ಅವನು ಹೇಳಿದ:

“ಉಕ್ಕನ್ನು ಜೋಳದ ಕಾಳಿನಿಂದ ಅಳೆಯಲು ಆಗುವುದಿಲ್ಲ, ಅಜ್ಜಾರೇ.”

“ಆಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಉಕ್ಕು ಕೊಯ್ದು ಕೊರೆಯುವ ಕಾರ್ಖಾನೆಗಳು ಎಷ್ಟಿವೆ?”

“ಹತ್ತಾದರೂ ಇವೆ. ಒಳ್ಳೆಯ ಕೆಲಸಗಾರರೇ.”

“ನಿನ್ನ ಗೋಡೆಯ ತೂತು ಅವರ ಕೈಯ ಕೆಲಸಕ್ಕೆ ಒಗ್ಗುತ್ತದೋ?”

ಚನ್ನವೀರ ಮೊರದ ಅಂಚಿನಲ್ಲಿ ಬಿದ್ದಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡ. ಆಮೇಲೆ, ತನಗೇ ಹೇಳಿಕೊಳ್ಳುವಂತೆ ಕೇಳಿದ:

“ಆದರೂ ಹಳ್ಳ ಆ ವರ್ಷ ಬೇಗ ಬಂತು, ಅಜ್ಜಾರೇ. ಅದು ತುಂಬದೆ ಇದ್ದಿದ್ದರೆ ಬಡಗಿಯ ಮಗ ಆ ಮನೆಯನ್ನು ಮೂರು ದಿನದಲ್ಲಿ ನಿಲ್ಲಿಸುತ್ತಿದ್ದನಲ್ಲವೇ?”

ಗುರುಗಳು ಮೊರ ಕೇರುವುದನ್ನು ನಿಲ್ಲಿಸಿ ಹೇಳಿದರು:

“ಹಳ್ಳ ಮುಚ್ಚಿದ್ದು ಒಂದೇ ದಾರಿ, ತಮ್ಮಾ. ಉಳಿದ ದಾರಿಗಳನ್ನೆಲ್ಲ ಅವನು ಬಿಸಿಲಿರುವಾಗಲೇ ಮುಚ್ಚಿ ಬಂದಿದ್ದ.”